‘ಈ ಪುಸ್ತಕ ಓದಬಹುದಾ?’

ನಮ್ಮ ಯುವಜನ ಕೂಟದಲ್ಲಿ ಯಾರಾದರೂ ಒಂದು ಕಾದಂಬರಿಯ ಹೆಸರು ಹೇಳಿದರೆ ಮೊದಲು ಬರುವ ಪ್ರಶ್ನೆ ‘ಕತೆ ಏನು?’ ಎಂದಲ್ಲ, ‘ಓದಬಹುದಾ?’ ಎಂದು. ಅಂದರೆ ಅದರಲ್ಲಿ ಬೈಗುಳ ಇದೆಯಾ, ಕುಡಿತ ಇದೆಯಾ, ನಾಯಕ ನಾಯಕಿ ಮದುವೆಗೆ ಮೊದಲೇ ಹದ್ದು ಮೀರುತ್ತಾರಾ, ದೇವರಿಗೆ ಯಾರಾದರೂ ಎದುರು ಮಾತಾಡುತ್ತಾರಾ, ಕೊನೆಗಾದರೂ ಎಲ್ಲರೂ ಸರಿದಾರಿಗೆ ಬರುತ್ತಾರಾ ಎಂಬ ವಿಚಾರಣೆ. ನಮ್ಮ ಕಾಲೇಜಿನ ಕ್ರೈಸ್ತ ವಿದ್ಯಾರ್ಥಿಗಳಲ್ಲಿ ಮಂಗಳೂರು ಕಡೆಯ ಕೊಂಕಣಿ ಕೆಥೋಲಿಕರಿದ್ದಾರೆ, ಗದಗ–ಧಾರವಾಡ ಕಡೆಯ ಸಿಎಸ್‌ಐ ಸಭೆಯವರಿದ್ದೇವೆ, ಕೇರಳದಿಂದ ಬಂದ ಸಿರಿಯನ್ನರಿದ್ದಾರೆ. ದೀಕ್ಷಾಸ್ನಾನ ಯಾವ ವಯಸ್ಸಿಗೆ ಆಗಬೇಕು ಎಂಬ ಬಗ್ಗೆ ಒಮ್ಮೆಯೂ ಒಮ್ಮತಕ್ಕೆ ಬಾರದ ನಾವು ಈ ಪ್ರಶ್ನೆಯೊಂದನ್ನು ಮಾತ್ರ ಒಂದೇ ದನಿಯಲ್ಲಿ ಕೇಳುತ್ತೇವೆ.

ಈ ಪ್ರಶ್ನೆಯನ್ನು ದಾಟಿ ಬರುವ ಪುಸ್ತಕಗಳು ಹೆಚ್ಚಾಗಿ ಅಮೆರಿಕದವು. ಫೋನಿನಿಂದ ಫೋನಿಗೆ ಹರಿದಾಡುವುದು ಅವೇ. ಟಿಮ್ ಲಹೇ ಮತ್ತು ಜೆರ್ರಿ ಜೆಂಕಿನ್ಸ್ ಬರೆದ ‘ಲೆಫ್ಟ್ ಬಿಹೈಂಡ್’ ಸರಣಿ 1995ರಲ್ಲಿ ಶುರುವಾಗಿ ಹದಿನಾರು ಪುಸ್ತಕಗಳವರೆಗೆ ಬೆಳೆಯಿತು. ಲೋಕಾಂತ್ಯದ ಆ ಕತೆಯನ್ನು ಪರೀಕ್ಷೆಯ ಹಿಂದಿನ ರಾತ್ರಿಯೂ ಬಿಡದೆ ಓದಿದವರು ನಮ್ಮ ಹಾಸ್ಟೆಲಿನಲ್ಲಿದ್ದಾರೆ. ಫ್ರಾನ್ಸಿನ್ ರಿವರ್ಸ್ ಅವರ ‘ರಿಡೀಮಿಂಗ್ ಲವ್’ ಹುಡುಗಿಯರ ನಡುವೆ ಬಹಳ ಓಡಾಡುತ್ತದೆ. ಅದು ಪ್ರವಾದಿ ಹೋಶೇಯನ ಕತೆಯನ್ನು ಚಿನ್ನದ ಗಣಿಗಳ ಕಾಲದ ಕ್ಯಾಲಿಫೋರ್ನಿಯಾಕ್ಕೆ ತಂದ ಕಾದಂಬರಿ. ಅದನ್ನು ಓದಿದ ಮೇಲೆ ನನ್ನ ತಂಗಿ ತಾನಾಗಿಯೇ ಬೈಬಲಿನ ಹೋಶೇಯನ ಗ್ರಂಥವನ್ನು ತೆರೆದಳು. ನಮ್ಮ ಭಾನುವಾರ ಶಾಲೆ ಹತ್ತು ವರ್ಷದಲ್ಲಿ ಮಾಡದ ಕೆಲಸ ಅದು. ಹಾಗಾಗಿ ಈ ಪುಸ್ತಕಗಳನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಇಂಥ ಹತ್ತು ಓದಿದ ಮೇಲೆ ಹನ್ನೊಂದನೆಯದು ಹೇಗೆ ಮುಗಿಯುತ್ತದೆ ಎಂದು ಇಪ್ಪತ್ತನೇ ಪುಟದಲ್ಲೇ ಗೊತ್ತಾಗುತ್ತದೆ. ಸಂಶಯ ಪಟ್ಟವನು ಸಾಯುತ್ತಾನೆ ಅಥವಾ ಮಂಡಿಯೂರುತ್ತಾನೆ. ಪ್ರಾರ್ಥನೆ ಮಾಡಿದವಳ ಮಗು ಬದುಕುತ್ತದೆ.

ಹೀಗೆ ಬೈಗುಳ, ಪಾಪ, ಎದುರು ಮಾತು ಯಾವುದೂ ಇಲ್ಲದ ಪುಸ್ತಕವೇ ಬೇಕೆಂದರೆ ಬೈಬಲನ್ನೇ ಮೊದಲು ಕಪಾಟಿನಿಂದ ಇಳಿಸಬೇಕಾಗುತ್ತದೆ. ದಾವೀದ ಬೇರೆಯವನ ಹೆಂಡತಿಯನ್ನು ಕರೆಸಿಕೊಂಡು, ಆಮೇಲೆ ಆಕೆಯ ಗಂಡ ಊರೀಯನನ್ನು ಯುದ್ಧದ ಮುಂದಿನ ಸಾಲಿಗೆ ಕಳಿಸಿ ಕೊಲ್ಲಿಸುತ್ತಾನೆ. ನ್ಯಾಯಸ್ಥಾಪಕರ ಗ್ರಂಥದ ಹತ್ತೊಂಬತ್ತನೇ ಅಧ್ಯಾಯವನ್ನು ಯಾವ ಕೂಟದಲ್ಲೂ ಗಟ್ಟಿಯಾಗಿ ಓದಿದ್ದನ್ನು ನಾನು ಕೇಳಿಲ್ಲ. ಯೋಬನಂತೂ ದೇವರನ್ನೇ ವಾದಕ್ಕೆ ಕರೆಯುತ್ತಾನೆ. ಇನ್ನು ದಾವೀದನನ್ನು ತಿದ್ದಲು ಬಂದ ಪ್ರವಾದಿ ನಾತಾನ ಮಾಡಿದ್ದಾದರೂ ಏನು? ನಿಯಮ ಓದಿ ಹೇಳಲಿಲ್ಲ. ಒಂದೇ ಒಂದು ಕುರಿಮರಿ ಸಾಕಿಕೊಂಡಿದ್ದ ಬಡವ, ನೆಂಟನ ಊಟಕ್ಕೆ ಅದನ್ನೇ ಕಿತ್ತುಕೊಂಡ ಶ್ರೀಮಂತ, ಹೀಗೊಂದು ಕತೆ ಕಟ್ಟಿ ಹೇಳಿದ. ಅರಸ ಕತೆಯೊಳಗಿನ ಶ್ರೀಮಂತನ ಮೇಲೆ ಸಿಟ್ಟಾದ, ಆಮೇಲೆ ಆ ಶ್ರೀಮಂತ ತಾನೇ ಎಂದು ತಿಳಿಯಿತು. ಕಾದಂಬರಿ ಮಾಡುವ ಕೆಲಸವೂ ಇದೇ ಅಲ್ಲವೇ?

ಯೇಸು ಹೇಳಿದ ತಪ್ಪಿಹೋದ ಮಗನ ಸಾಮ್ಯವನ್ನು ಎಲ್ಲರೂ ಕೇಳಿರುತ್ತೀರಿ. ಕ್ರೈಸ್ತರಲ್ಲದವರಿಗೂ ಅದು ಗೊತ್ತು. ಆದರೆ ಅದರ ಕೊನೆಯನ್ನು ಗಮನಿಸಿದವರು ಕಡಿಮೆ. ತಮ್ಮನಿಗೆ ಔತಣ ನಡೆಯುತ್ತಿದೆ, ಅಣ್ಣ ಮುನಿಸಿಕೊಂಡು ಹೊರಗೆ ನಿಂತಿದ್ದಾನೆ, ಅಪ್ಪ ಬಂದು ಬೇಡಿಕೊಳ್ಳುತ್ತಾನೆ. ಅಣ್ಣ ಒಳಗೆ ಹೋದನೋ ಇಲ್ಲವೋ? ಲೂಕನ ಸುವಾರ್ತೆ ಅದನ್ನು ಹೇಳುವುದೇ ಇಲ್ಲ. ಇಂಥ ಕತೆ ಹೇಳಿದವನ ಹಿಂಬಾಲಕರಾದ ನಾವು ಮಾತ್ರ ಕೊನೆಯ ಪುಟದಲ್ಲಿ ಎಲ್ಲರೂ ಒಳಗೆ ಹೋಗಿ ಊಟಕ್ಕೆ ಕೂತ ಪುಸ್ತಕಗಳನ್ನೇ ಹುಡುಕುತ್ತೇವೆ.

ವಿಕ್ಟರ್ ಹ್ಯೂಗೋನ ‘ಲೆ ಮಿಸರಬಲ್’ 1862ರಲ್ಲಿ ಬಂತು. ಬೆಳ್ಳಿ ಸಾಮಾನು ಕದ್ದು ಸಿಕ್ಕಿಬಿದ್ದ ಜಾನ್ ವಾಲ್ಜಾನನಿಗೆ ಬಿಷಪ್ ಮಿರಿಯಲ್ ದೀಪದ ಕಂಬಗಳನ್ನೂ ಕೊಟ್ಟು ಕಳಿಸುವ ದೃಶ್ಯವನ್ನು ಕ್ಷಮೆಯ ಕುರಿತ ಪ್ರಸಂಗಗಳಲ್ಲಿ ನಾನೇ ಹಲವು ಸಲ ಕೇಳಿದ್ದೇನೆ. ಈ ಕಾದಂಬರಿಯೂ ಒಂದು ಕಾಲದಲ್ಲಿ ವ್ಯಾಟಿಕನ್ನಿನ ನಿಷೇಧಿತ ಪುಸ್ತಕಗಳ ಪಟ್ಟಿಯಲ್ಲಿತ್ತು ಎಂದರೆ ನಮ್ಮ ಕೂಟದಲ್ಲಿ ಯಾರೂ ನಂಬಲಿಲ್ಲ. ಇದನ್ನು ಇಲ್ಲಿ ಎತ್ತಿದ್ದು ಕೆಥೋಲಿಕ್ ಗೆಳೆಯರನ್ನು ಚುಡಾಯಿಸಲಿಕ್ಕಲ್ಲ. ನಮ್ಮ ಸಭೆಗಳಲ್ಲಿ ಬರೆದಿಟ್ಟ ಪಟ್ಟಿ ಇಲ್ಲ, ಆದರೆ ಕಣ್ಣಲ್ಲೇ ನಡೆಯುವ ಪಟ್ಟಿಯೊಂದಿದೆ. ವ್ಯಾಟಿಕನ್ ತನ್ನ ಪಟ್ಟಿಯನ್ನು 1966ರಲ್ಲಿ ಕೈಬಿಟ್ಟಿತು.

ಅದೇ 1966ರಲ್ಲಿ ಜಪಾನಿನಲ್ಲಿ ಶುಸಾಕು ಎಂಡೋ ಅವರ ಕಾದಂಬರಿಯೊಂದು ಬಂತು. ಇಂಗ್ಲಿಷಿನಲ್ಲಿ ಅದರ ಹೆಸರು ‘ಸೈಲೆನ್ಸ್’. ಎಂಡೋ ಸ್ವತಃ ಕೆಥೋಲಿಕ್. ಹದಿನೇಳನೇ ಶತಮಾನದ ಜಪಾನ್, ಕ್ರೈಸ್ತರ ಮೇಲೆ ಘೋರ ಹಿಂಸೆ ನಡೆಯುತ್ತಿದೆ. ತನ್ನ ಗುರು ಫೆರೇರಾ ನಂಬಿಕೆ ಬಿಟ್ಟನೆಂಬ ಸುದ್ದಿ ಕೇಳಿ, ನಿಜ ತಿಳಿಯಲು ಪೋರ್ಚುಗಲ್ಲಿನ ಯುವ ಪಾದ್ರಿ ರೊಡ್ರಿಗಸ್ ಕಳ್ಳತನದಲ್ಲಿ ಅಲ್ಲಿಗೆ ಬರುತ್ತಾನೆ. ಅಲ್ಲಿನ ಅಧಿಕಾರಿಗಳು ಕ್ರೈಸ್ತರನ್ನು ಪತ್ತೆ ಹಚ್ಚಲು ಯೇಸುವಿನ ಚಿತ್ರವಿರುವ ಫಲಕವನ್ನು ನೆಲದ ಮೇಲಿಟ್ಟು ತುಳಿಯಲು ಹೇಳುತ್ತಿದ್ದರು. ಇದು ಚರಿತ್ರೆಯಲ್ಲಿ ನಡೆದದ್ದೇ. ರೊಡ್ರಿಗಸ್‌ಗೆ ಒಡ್ಡುವ ಪರೀಕ್ಷೆ ಇನ್ನೂ ಕ್ರೂರ: ಅವನು ತುಳಿಯುವವರೆಗೆ ಬಡ ರೈತರನ್ನು ಗುಂಡಿಯೊಳಗೆ ತಲೆಕೆಳಗಾಗಿ ತೂಗಿಬಿಟ್ಟಿರುತ್ತಾರೆ. ಅವನು ಪ್ರಾರ್ಥಿಸುತ್ತಾನೆ, ದೇವರು ಸುಮ್ಮನಿರುತ್ತಾನೆ. ಮುಂದೇನಾಯಿತು ಎಂದು ನಾನು ಹೇಳುವುದಿಲ್ಲ. ಕಿಚಿಜಿರೋ ಎಂಬೊಬ್ಬ ಹೇಡಿ ಇದರಲ್ಲಿದ್ದಾನೆ. ಮತ್ತೆ ಮತ್ತೆ ದ್ರೋಹ ಮಾಡಿ ಮತ್ತೆ ಮತ್ತೆ ಪಾಪನಿವೇದನೆಗೆ ಬಂದು ಕಾಡುತ್ತಾನೆ. ಓದಿದವರೆಲ್ಲ ಅವನನ್ನು ಬೈಯುತ್ತಾರೆ. ಆದರೆ ಆಮೇಲೆ ಮಾತಾಡುವಾಗ ರೊಡ್ರಿಗಸ್‌ಗಿಂತ ಅವನ ಮಾತೇ ಹೆಚ್ಚು ಬರುತ್ತದೆ. ಈ ಪುಸ್ತಕ ಬಂದಾಗ ಜಪಾನಿನ ಕೆಥೋಲಿಕರಲ್ಲೇ ಹಲವರಿಗೆ ಹಿಡಿಸಲಿಲ್ಲ. ಇಂದಿಗೂ ಇದನ್ನು ‘ಓದಬಹುದಾ’ ಎಂದು ಕೇಳಿದರೆ ನಮ್ಮಲ್ಲಿ ಅರ್ಧ ಜನ ಬೇಡ ಅನ್ನುತ್ತಾರೆ.

ನಮ್ಮ ಕೂಟದ ಒಬ್ಬ ಅಕ್ಕನ ತಂದೆ ಕಳೆದ ವರ್ಷ ತೀರಿಕೊಂಡರು. ಕಾಯಿಲೆಯ ಮೂರು ತಿಂಗಳೂ ಉಪವಾಸ ಪ್ರಾರ್ಥನೆ ನಡೆದಿತ್ತು. ಮಣ್ಣಾದ ಮೇಲೆ ಕೆಲವರು ಆಕೆಗೆ ಸಮಾಧಾನ ಹೇಳುವ ಪುಸ್ತಕಗಳನ್ನು ಕೊಟ್ಟರು. ಎಲ್ಲದರಲ್ಲೂ ಪ್ರಾರ್ಥಿಸಿದವರಿಗೆ ಗುಣವಾಗಿತ್ತು. ಇನ್ನೂ ಸ್ವಲ್ಪ ನಂಬಿಕೆ ಇದ್ದಿದ್ದರೆ ಅಪ್ಪ ಉಳಿಯುತ್ತಿದ್ದರು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಪುಸ್ತಕಗಳು ಹೇಳಿದವು. ಅಕ್ಕ ಕೂಟಕ್ಕೆ ಬರುವುದನ್ನು ನಿಲ್ಲಿಸಿದರು. ಆಮೇಲೆ ಕೇರಳದ ಗೆಳೆಯನೊಬ್ಬ ಅವರಿಗೆ ‘ಸೈಲೆನ್ಸ್’ ಕೊಟ್ಟ. ಅದನ್ನೋದಿ ಅವರು ಕುಣಿದಾಡುತ್ತ ಸಭೆಗೆ ಮರಳಿದರು ಎಂದೇನೂ ಬರೆಯಲಾರೆ, ಹಾಗಾಗಲಿಲ್ಲ. ‘ನನ್ನ ಪ್ರಶ್ನೆಯನ್ನು ಯಾರೋ ಒಬ್ಬ ವಿಶ್ವಾಸಿಯೇ ನನಗಿಂತ ಜೋರಾಗಿ ಕೇಳಿದ್ದಾನೆ’ ಎಂದು ಅವರು ಒಂದು ಸಂಜೆ ಕ್ಯಾಂಟೀನಿನಲ್ಲಿ ಹೇಳಿದರು. ಈಗ ಪ್ರಾರ್ಥನೆಯ ಹೊತ್ತಿಗೆ ಬರುವುದಿಲ್ಲ, ಪುಸ್ತಕದ ಮಾತು ಶುರುವಾಗುವ ಹೊತ್ತಿಗೆ ಬರುತ್ತಾರೆ. ‘ಓದಬಹುದಾ’ ಎಂಬ ಜರಡಿಯಲ್ಲಿ ಆ ಪುಸ್ತಕ ಸಿಕ್ಕಿಹಾಕಿಕೊಂಡಿದ್ದರೆ ಅದಕ್ಕೂ ಬರುತ್ತಿರಲಿಲ್ಲ.

ಇಷ್ಟು ಹೊತ್ತು ಹೇಳಿದ್ದೆಲ್ಲ ಹೊರದೇಶದ ಪುಸ್ತಕಗಳು. ನಮ್ಮ ಪಟ್ಟಿಗಳಲ್ಲಿ ಕನ್ನಡ ಇಲ್ಲವೇ ಇಲ್ಲ ಎನ್ನುವುದು ನನ್ನ ದೊಡ್ಡ ತಕರಾರು. ಕನ್ನಡದಲ್ಲೇ ಪ್ರಾರ್ಥಿಸುವ, ಕನ್ನಡದಲ್ಲೇ ಕೀರ್ತನೆ ಹಾಡುವ ಹುಡುಗರಿಗೂ ಕಾದಂಬರಿ ಎಂದರೆ ಇಂಗ್ಲಿಷೇ. ನಮ್ಮ ಅಜ್ಜಿಯ ಟ್ರಂಕಿನಲ್ಲಿ ಬನ್ಯನ್‌ನ ‘ಯಾತ್ರಿಕನ ಸಂಚಾರ’ ಇತ್ತು. ಇಂಗ್ಲೆಂಡಿನ ಆ ಕೃತಿ ಮಿಷನರಿಗಳ ಕಾಲದಲ್ಲೇ ಕನ್ನಡಕ್ಕೆ ಬಂದು ಎಷ್ಟೋ ಮನೆಗಳಲ್ಲಿ ಬೈಬಲಿನ ಪಕ್ಕ ಕೂತಿತ್ತು. ಅಜ್ಜಿ ಓದಿದ್ದು ನಾಲ್ಕನೇ ಇಯತ್ತೆ, ಓದಿದ ಕತೆ ಕನ್ನಡದ್ದು. ಎಂಜಿನಿಯರಿಂಗ್ ಓದುವ ಮೊಮ್ಮಕ್ಕಳು ಆ ವಿಷಯದಲ್ಲಿ ಅಜ್ಜಿಗಿಂತ ಹಿಂದಿದ್ದೇವೆ.

ನಾ. ಡಿಸೋಜ ಅವರ ಹೆಸರು ಹೇಳಿದಾಗ ನಮ್ಮ ಕೂಟದಲ್ಲಿ ಇಬ್ಬರು ಮಾತ್ರ ಕೈ ಎತ್ತಿದರು. ಸಾಗರದಲ್ಲಿ 1937ರಲ್ಲಿ ಹುಟ್ಟಿ, ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸ ಮಾಡುತ್ತ, ಶರಾವತಿಯ ಮುಳುಗಡೆಯನ್ನು ಕಣ್ಣಾರೆ ಕಂಡವರು ಅವರು. 2014ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು, 2025ರ ಜನವರಿಯಲ್ಲಿ ತೀರಿಕೊಂಡರು. ಅವರ ‘ಇಗರ್ಜಿಯ ಸುತ್ತಲಿನ ಹತ್ತು ಮನೆಗಳು’ ಮಲೆನಾಡಿನ ಕ್ರೈಸ್ತರ ಬದುಕಿನ ಕಾದಂಬರಿ. ನಮ್ಮ ಅಡುಗೆಮನೆ, ನಮ್ಮ ಜಗಳಗಳು ಕನ್ನಡ ಕಾದಂಬರಿಯೊಳಗೆ ಬರಬಹುದು ಎಂಬುದೇ ನಮ್ಮ ಹುಡುಗರಿಗೆ ಹೊಸ ಸುದ್ದಿ.

ಆದರೆ ನಾನು ಎಲ್ಲರ ಕೈಗೆ ಮೊದಲು ತುರುಕುವುದು ಅವರ ‘ದ್ವೀಪ’ವನ್ನು. ಗಿರೀಶ ಕಾಸರವಳ್ಳಿಯವರ ಸಿನಿಮಾದಿಂದ ಅದರ ಹೆಸರು ಹಲವರಿಗೆ ಗೊತ್ತು. ಅಲ್ಲಿ ಇಗರ್ಜಿ ಇಲ್ಲ, ಫಾದರ್ ಇಲ್ಲ. ಹಿನ್ನೀರು ಏರುತ್ತಿರುವ ಊರಿನಲ್ಲಿ ಉಳಿದುಕೊಂಡ ಗಣಪಯ್ಯ, ನಾಗವೇಣಿ ಇದ್ದಾರೆ. ಲಿಂಗನಮಕ್ಕಿ ಜಲಾಶಯದ ಗರಿಷ್ಠ ಮಟ್ಟ 1,819 ಅಡಿ ಎಂಬುದನ್ನು ಸಿವಿಲ್ ಓದುವ ನಾವು ನೋಟ್ಸಿನಲ್ಲಿ ಬರೆದುಕೊಳ್ಳುತ್ತೇವೆ. ನೀರು ಒಂದೊಂದು ಅಡಿ ಏರಿದಾಗ ಯಾರ ಗದ್ದೆ ಹೋಯಿತು, ಯಾರ ಮನೆ ಮೆಟ್ಟಿಲು ಹೋಯಿತು ಎಂಬ ಲೆಕ್ಕ ಯಾವ ಸೆಮಿಸ್ಟರಿನಲ್ಲೂ ಬರುವುದಿಲ್ಲ. ಒಬ್ಬ ಕ್ರೈಸ್ತ ಲೇಖಕ ತನ್ನ ನೆರೆಯವರ ಮುಳುಗಿದ ಮನೆಗಳ ಮುಂದೆ ಅಷ್ಟು ಕಾಲ ನಿಂತು ಬರೆದ. ನೆರೆಯವನನ್ನು ಪ್ರೀತಿಸಬೇಕೆಂಬ ಆಜ್ಞೆಯನ್ನು ಬಾಯಿಪಾಠ ಮಾಡಿದ ನಮಗೆ ಇದು ‘ಕ್ರೈಸ್ತ ಕಾದಂಬರಿ’ ಅನ್ನಿಸದಿದ್ದರೆ ಮತ್ತೆ ಯಾವುದು ಅನ್ನಿಸುತ್ತದೆ?

ಹಿರಿಯರಿಗೆ ಇನ್ನೊಂದು ಅಂಜಿಕೆಯಿದೆ. ನಮ್ಮ ಬಗ್ಗೆ ಬೇರೆಯವರು ಒರಟಾಗಿ ಬರೆದದ್ದನ್ನು ನಾವೇ ಏಕೆ ಹಂಚಬೇಕು ಎಂದು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಪಾದ್ರಿ ಜೀವರತ್ನಯ್ಯ, ಅವನ ಬೈಸಿಕಲ್ಲು, ದೇವಯ್ಯಗೌಡನನ್ನು ಮತಕ್ಕೆ ಸೇರಿಸಿಕೊಳ್ಳುವ ಅವನ ಪ್ರಯತ್ನ ಎಲ್ಲವೂ ಬರುತ್ತವೆ. ಆ ಪುಟಗಳನ್ನು ಓದುವಾಗ ನನಗೆ ಮುಜುಗರವಾಯಿತು, ಅಲ್ಲಲ್ಲಿ ನಗುವೂ ಬಂತು. ಆ ಬೈಸಿಕಲ್ಲನ್ನು ಮಲೆನಾಡಿನ ಜನ ಹೇಗೆ ನೋಡಿದರು ಎಂಬುದನ್ನು ಮಿಷನ್ ವರದಿಗಳಿಂದ ನಾವು ಕಲಿಯಲಾರೆವು. ಅದೇ ಕನ್ನಡದಲ್ಲಿ ಮಂಜೇಶ್ವರದ ಗೋವಿಂದ ಪೈಗಳು ಕ್ರಿಸ್ತನ ಕೊನೆಯ ದಿನವನ್ನು ಕುರಿತು ‘ಗೊಲ್ಗೊಥಾ’ ಎಂಬ ಖಂಡಕಾವ್ಯ ಬರೆದರು. ಬೇರೆಯವರು ನಮ್ಮನ್ನು ನೋಡಿದ ಈ ಎರಡೂ ಬಗೆಯನ್ನು ನಾವು ಓದಬೇಕು. ಒಂದನ್ನೇ ಓದಿದರೆ ಒಂದೋ ಮುನಿಸು, ಇಲ್ಲವೇ ಬೀಗು.

ಹನ್ನೆರಡು ವರ್ಷದ ಮಗುವಿನ ಕೈಗೆ ಏನು ಕೊಡಬೇಕು ಎಂದು ತಂದೆತಾಯಿ ಯೋಚಿಸುವುದು ಸರಿಯೇ. ನಾನು ಕೇಳುತ್ತಿರುವುದು ಹದಿನೆಂಟು ದಾಟಿ ಮತ ಹಾಕುವ, ಬ್ಯಾಂಕಿನಲ್ಲಿ ವಿದ್ಯಾಭ್ಯಾಸದ ಸಾಲಕ್ಕೆ ಸಹಿ ಹಾಕುವ ನಮ್ಮ ಬಗ್ಗೆ. ಪರಿಚಯದ ಒಂದು ಸಭೆಯಲ್ಲಿ ಯುವಜನರು ಕಪಾಟಿಗೆ ತಂದಿಟ್ಟ ಕಾದಂಬರಿಗಳನ್ನು ಮಾರನೇ ಭಾನುವಾರವೇ ಹಿರಿಯರೊಬ್ಬರು ತೆಗೆಸಿದರು. ಓದಿ ತೆಗೆಸಿದ್ದಲ್ಲ, ಮುಖಪುಟ ನೋಡಿ. ಅದರ ಮರುತಿಂಗಳು ಅಲ್ಲಿ ಹೊಸ ಸ್ಪೀಕರುಗಳು ಬಂದವು. ಆ ಕಪಾಟಿನ ಬೀಗದ ಕೈ ಈಗ ಯಾರಲ್ಲಿದೆಯೋ ಯಾರಿಗೂ ಗೊತ್ತಿಲ್ಲ.

ನಮ್ಮ ಪಾಸ್ಟರ್ ಅಯ್ಯನವರನ್ನು ಕೇಳಿದಾಗ, ‘ಇಡ್ರಿ, ಆದರ ಓದಿದ ಮ್ಯಾಲ ನನ್ನ ಮುಂದ ಕುಂತು ಮಾತಾಡ್ರಿ’ ಅಂದರು. ಇಷ್ಟೇ ಸಾಕು. ಎಲ್ಲ ಸಭೆ, ಇಗರ್ಜಿಗಳಲ್ಲಿ ಒಂದು ಕಪಾಟು, ಅದರಲ್ಲಿ ಒಂದು ಸಾಲು ಕನ್ನಡ ಕಾದಂಬರಿ, ತೆರೆದಿಟ್ಟ ಬಾಗಿಲು. ಕ್ರಿಸ್‌ಮಸ್ ಅಲಂಕಾರದ ಖರ್ಚಿನ ಒಂದು ಚೂರಿನಲ್ಲಿ ಇದು ಆಗುತ್ತದೆ. ಮಂಗಳೂರಿನ ಗೆಳೆಯರು ಕನ್ನಡ ಲಿಪಿಯ ಕೊಂಕಣಿ ಪುಸ್ತಕಗಳನ್ನೂ ತರಲಿ. 1938ರಿಂದ ಬರುತ್ತಿರುವ ‘ರಾಕ್ಣೊ’ ಪತ್ರಿಕೆಯನ್ನು ನಮ್ಮ ಕೂಟದಲ್ಲಿ ಅವರು ಓದಿ ಹೇಳುತ್ತಾರೆ, ನಮಗೆ ಅರ್ಧ ತಿಳಿಯುತ್ತದೆ, ಇನ್ನರ್ಧ ಕೇಳಿ ತಿಳಿದುಕೊಳ್ಳುತ್ತೇವೆ.

ಕೂಟದಲ್ಲಿ ಈಗ ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ಪುಸ್ತಕ ದಾಟಿಸುವವರು ಒಳಗೆ ಒಂದು ಚೀಟಿಯಿಡಬೇಕು, ಯಾವ ಪಾತ್ರ ನಿದ್ದೆ ಕೆಡಿಸಿತು ಎಂದು ಬರೆದು. ‘ಸೈಲೆನ್ಸ್’ನ ಚೀಟಿಯಲ್ಲಿ ನಾಲ್ಕು ಕೈಬರಹಗಳಲ್ಲಿ ಕಿಚಿಜಿರೋ ಹೆಸರಿದೆ. ‘ದ್ವೀಪ’ದ ಚೀಟಿಯಲ್ಲಿ ಮೂವರು ನಾಗವೇಣಿಯ ಹೆಸರು ಬರೆದಿದ್ದಾರೆ. ಆ ಪ್ರತಿ ಸದ್ಯ ನಮ್ಮ ಹಾಸ್ಟೆಲಿನ ಪಕ್ಕದ ಕೋಣೆಯಲ್ಲಿದೆ. ಅಲ್ಲಿರುವವನು ಕ್ರೈಸ್ತನಲ್ಲ, ಹೊಸನಗರದವನು. ಅವನ ಅಜ್ಜನ ಊರು ಆ ನೀರಿನಡಿ ಇದೆಯಂತೆ. ಪರೀಕ್ಷೆ ಮುಗಿಯುವವರೆಗೆ ಕೇಳಬೇಡ ಎಂದಿದ್ದಾನೆ.