ಗೊಣ್ಣೆ ಕಾಲದ ಗೆಳೆತನ

ಹವಾಯಿಯಲ್ಲಿ ಹುಟ್ಟಿ ಬೆಳೆದ ಇಬ್ಬರು ಮೊದಲ ಸಲ ಭೇಟಿಯಾದ್ರೆ ಒಂದು ಪ್ರಶ್ನೆ ಬಂದೇ ಬರತ್ತೆ: "ನೀನು ಯಾವ ಸ್ಕೂಲು?" ಕಾಲೇಜಲ್ಲ, ಹೈಸ್ಕೂಲು. ವಯಸ್ಸು ಅರವತ್ತಾಗಿದ್ರೂ ಅದೇ ಪ್ರಶ್ನೆ. ಉತ್ತರ ಸಿಕ್ಕ ಕೂಡ್ಲೆ ಲೆಕ್ಕಾಚಾರ ಶುರು. ಹಾಗಾದ್ರೆ ನನ್ನ ಕಸಿನ್ ನಿನಗೆ ಗೊತ್ತಿರ್ಬೇಕು, ನಿಮ್ಮ ಕೋಚ್ ನಮ್ಮ ಅಂಕಲ್ಲೇ ಅಲ್ವಾ, ಅಂತ. ಸ್ವಲ್ಪ ಹೊತ್ತಲ್ಲಿ ಇಬ್ಬರಿಗೂ ಬೇಕಾದ ಒಬ್ಬ ಮೂರನೇ ಮನುಷ್ಯ ಸಿಕ್ಕಿಬಿಡ್ತಾನೆ.

ಹ್ಯುಮ್ಯಾನಿಟೀಸ್ ಎಲೆಕ್ಟಿವ್‌ನ ಅಸೈನ್‌ಮೆಂಟ್‌ಗೆ ಅಂತ ಹವಾಯಿ ಬಗ್ಗೆ ಓದೋಕೆ ಶುರು ಮಾಡಿದೆ. ಅಸೈನ್‌ಮೆಂಟ್ ಮುಗೀತು, ಓದು ಮುಗೀಲಿಲ್ಲ. ಅಲ್ಲಿನವರು ತಮ್ಮ ಸ್ಕೂಲ್ ದಿನಗಳನ್ನ ನೆನೆಸ್ಕೊಳ್ಳೋ ರೀತಿ ನನ್ನನ್ನ ಹಿಡ್ಕೊಂಡ್ಬಿಡ್ತು. ಬಾಲ್ಯಕ್ಕೆ ಅವರು ಇಟ್ಟಿರೋ ಹೆಸರೇ "ಸ್ಮಾಲ್ ಕಿಡ್ ಟೈಮ್". ಇನ್ನೊಂದು ಹೆಸರು ಇನ್ನೂ ಚೆನ್ನಾಗಿದೆ: "ಹನಬಟಾ ಡೇಸ್". ಹನ ಅಂದ್ರೆ ಜಪಾನಿ ಭಾಷೇಲಿ ಮೂಗು, ಬಟಾ ಅಂದ್ರೆ ಇಂಗ್ಲಿಷಿನ ಬಟರ್. ಮೂಗಿನ ಬೆಣ್ಣೆ! ನಮ್ಮ ಕನ್ನಡದಲ್ಲಿ ಹೇಳೋದಾದ್ರೆ ಗೊಣ್ಣೆ ಸುರಿಸ್ಕೊಂಡು ಓಡಾಡ್ತಿದ್ದ ಕಾಲ. ಎರಡು ದೇಶದ ಎರಡು ಪದ ಸೇರ್ಕೊಂಡು ಮೂರನೇ ಊರಲ್ಲಿ ಒಂದು ನೆನಪಿನ ಹೆಸರಾಗಿದೆ. ನಾನು ಹೇಳ್ಬೇಕು ಅಂದ್ಕೊಂಡಿರೋ ವಿಷಯ ಆ ಒಂದು ಪದದಲ್ಲೇ ಇದೆ.

ನಾವೆಲ್ಲ ಅಂದ್ಕೊಳ್ಳೋದು ಏನು? ಸಣ್ಣ ದ್ವೀಪ, ಸುತ್ತ ಸಮುದ್ರ, ಎಲ್ಲರಿಗೂ ಎಲ್ಲರೂ ಗೊತ್ತು, ಹಾಗಾಗಿ ಒಗ್ಗಟ್ಟು ತಾನಾಗೇ ಬಂದಿರತ್ತೆ ಅಂತ. ಇದು ಸುಳ್ಳು. ಹವಾಯಿಯ ಆ ಒಗ್ಗಟ್ಟನ್ನ ಯಾರೂ ಉಡುಗೊರೆ ಕೊಟ್ಟಿಲ್ಲ. ಅದು ಆಗಬಾರದು ಅಂತ ವ್ಯವಸ್ಥೆ ಮಾಡಿಟ್ಟಿದ್ದ ಜಾಗದಲ್ಲಿ ಮಕ್ಕಳು ಅದನ್ನ ಮಾಡಿಕೊಂಡ್ರು.

ಹತ್ತೊಂಬತ್ತನೇ ಶತಮಾನದಲ್ಲಿ ಅಲ್ಲಿ ಕಬ್ಬಿನ ತೋಟಗಳು ಬೆಳೆದ್ವು. ಕೂಲಿಗೆ ಮೊದಲು ಚೀನಾದಿಂದ ಜನ ಬಂದ್ರು, ಆಮೇಲೆ ಪೋರ್ಚುಗಲ್, ಜಪಾನ್, ಪೋರ್ಟೊ ರಿಕೊ, ಕೊರಿಯಾ, ಫಿಲಿಪೀನ್ಸ್‌ನಿಂದ. ತೋಟದ ಮಾಲೀಕರು ಒಂದೊಂದು ದೇಶದವರಿಗೆ ಒಂದೊಂದು ಕ್ಯಾಂಪ್ ಮಾಡಿದ್ರು. ಜಪಾನಿ ಕ್ಯಾಂಪ್, ಫಿಲಿಪಿನೋ ಕ್ಯಾಂಪ್, ಹೀಗೆ. ಕೂಲಿ ಕೂಡ ದೇಶ ನೋಡಿ ಕೊಡ್ತಿದ್ರು. ಒಂದೇ ಕೆಲಸ, ಬೇರೆ ಬೇರೆ ಸಂಬಳ. ಇವರೆಲ್ಲ ಒಂದಾದ್ರೆ ಕಷ್ಟ ಅಂತ ಮಾಲೀಕರಿಗೆ ಚೆನ್ನಾಗಿ ಗೊತ್ತಿತ್ತು. 1909ರಲ್ಲಿ ಜಪಾನಿ ಕೂಲಿಗಳು ಮುಷ್ಕರ ಮಾಡಿದಾಗ ಒಂಟಿಯಾಗೇ ಮಾಡ್ಬೇಕಾಯ್ತು.

ಹಾಗಾದ್ರೆ ಎಲ್ಲರೂ ಎಲ್ಲಿ ಸೇರಿದ್ರು? ಹೊಲದಲ್ಲಿ ಊಟದ ಹೊತ್ತಲ್ಲಿ ಮತ್ತೆ ಸ್ಕೂಲಲ್ಲಿ. ಕೂಲಿಗಳ ಬುತ್ತಿಗೆ "ಕೌಕೌ ಟಿನ್" ಅಂತ ಹೆಸರು. ನಮ್ಮ ಟಿಫನ್ ಕ್ಯಾರಿಯರ್‌ನ ತಮ್ಮ ಇದ್ದ ಹಾಗೆ, ಕೆಳಗೆ ಅನ್ನ, ಮೇಲಿನ ತಟ್ಟೇಲಿ ಪಲ್ಯವೋ ಮೀನೋ. ಅನ್ನ ಎಲ್ಲರದ್ದೂ ಒಂದೇ, ಮೇಲಿನ ತಟ್ಟೆ ಮಾತ್ರ ಬೇರೆ ಬೇರೆ. ಹಾಗಾಗಿ ಮೇಲಿನ ತಟ್ಟೆ ಹಂಚ್ಕೊಳ್ತಿದ್ರು. ಅಲ್ಲಿ ರಕ್ತಸಂಬಂಧ ಇಲ್ಲದ ಬಂಧುಗಳನ್ನ ಕರೆಯೋಕೆ ಒಂದು ಮಾತಿದೆ: "ಕ್ಯಾಲಬಾಶ್ ಕಸಿನ್". ಕ್ಯಾಲಬಾಶ್ ಅಂದ್ರೆ ಊಟದ ಬುರುಡೆ ಬಟ್ಟಲು. ಒಂದೇ ಬಟ್ಟಲಲ್ಲಿ ಉಂಡವರು, ಅಂದ್ರೆ ಅಣ್ಣ ತಮ್ಮಂದಿರು. ಹಾಸ್ಟೆಲ್‌ನಲ್ಲಿ ಒಂದೇ ಮ್ಯಾಗಿ ಪಾತ್ರೆಗೆ ನಾಲ್ಕು ಚಮಚ ಹಾಕಿರೋ ಯಾರಿಗೂ ಇದನ್ನ ವಿವರಿಸೋ ಅಗತ್ಯ ಇಲ್ಲ.

ಸ್ಕೂಲಲ್ಲಿ ಆಗಿದ್ದು ಇನ್ನೂ ದೊಡ್ಡದು. ಮನೇಲಿ ಒಬ್ಬನದು ಜಪಾನಿ, ಇನ್ನೊಬ್ಬಳದು ಪೋರ್ಚುಗೀಸ್, ಮತ್ತೊಬ್ಬನದು ಇಲೊಕಾನೊ. ಟೀಚರ್ ಹೇಳ್ಕೊಡೋದು ಇಂಗ್ಲಿಷ್. ಆದ್ರೆ ಆಟ ಆಡೋಕೆ, ಜಗಳ ಆಡೋಕೆ, ರಾಜಿ ಆಗೋಕೆ ಒಂದು ಭಾಷೆ ಬೇಕಲ್ಲ? ಅಪ್ಪ ಅಮ್ಮ ತೋಟದಲ್ಲಿ ತೊದಲ್ತಿದ್ದ ಹರಕು ಮುರುಕು ಮಾತನ್ನ ತಗೊಂಡು ಮಕ್ಕಳು ಪೂರ್ತಿ ಭಾಷೆ ಮಾಡಿಬಿಟ್ರು. ಅದಕ್ಕೆ ಅಲ್ಲಿನವರು ಪಿಜಿನ್ ಅಂತಾರೆ. ಭಾಷಾವಿಜ್ಞಾನಿಗಳ ಲೆಕ್ಕದಲ್ಲಿ ಅದು ಕ್ರಿಯೋಲ್, ಅಂದ್ರೆ ಮಕ್ಕಳ ಬಾಯಲ್ಲಿ ತಾಯ್ನುಡಿಯಾಗಿ ಬೆಳೆದು ತನ್ನದೇ ವ್ಯಾಕರಣ ಪಡೆದ ಭಾಷೆ. ಕೆಲಸ ಮುಗೀತು ಅನ್ನೋಕೆ ಹವಾಯಿಯ "ಪೌ", ಸ್ನಾನಕ್ಕೆ ಜಪಾನಿ ಮೂಲದ "ಬೋಚಾ". ನನಗೆ ತುಂಬ ಇಷ್ಟ ಆಗಿದ್ದು "ಡ ಕೈನ್". ಪದ ನೆನಪಾಗದಿದ್ದಾಗ ಯಾವ ವಸ್ತುವಿಗಾದ್ರೂ, ಯಾವ ಮನುಷ್ಯನಿಗಾದ್ರೂ ಅದನ್ನ ಬಳಸ್ಬಹುದು. ನಾವು "ಅದೇ ಕಣೋ, ಅದು, ಅವತ್ತಿಂದು" ಅಂತೀವಲ್ಲ, ಹಾಗೇ. ಇದು ಅರ್ಥ ಆಗ್ಬೇಕಾದ್ರೆ ಎದುರಿಗಿರೋನು ನಿಮ್ಮ ಜೊತೆ ಬೆಳೆದಿರ್ಬೇಕು. ಅದೇ ಅದರ ಸೊಗಸು.

ಆ ಮಕ್ಕಳು ದೊಡ್ಡವರಾಗಿದ್ದ ಹೊತ್ತಿಗೆ, 1946ರಲ್ಲಿ, ಸುಮಾರು 26 ಸಾವಿರ ಕಬ್ಬಿನ ಕಾರ್ಮಿಕರು ದೇಶ, ಬಣ್ಣ ನೋಡದೆ ಒಟ್ಟಿಗೆ ಮುಷ್ಕರ ಮಾಡಿದ್ರು. 79 ದಿನ ನಡೀತು, ಗೆದ್ರು. ಅದಕ್ಕೆ ಕಾರ್ಮಿಕ ಸಂಘದ ಸಂಘಟನೆ ಮುಖ್ಯ ಕಾರಣ, ನಿಜ. ಆದ್ರೆ ಒಟ್ಟಿಗೆ ಮಾತಾಡೋಕೆ ಒಂದು ಭಾಷೆ ಇರದಿದ್ರೆ ಯಾವ ಸಂಘ ತಾನೆ ಏನು ಮಾಡೋಕಾಗ್ತಿತ್ತು?

ಇಷ್ಟಕ್ಕೆ ನಿಲ್ಲಿಸಿದ್ರೆ ಇದು ಬರೀ ಸಿಹಿ ಕಥೆ. ಸ್ಕೂಲು ಕೂಡಿಸಿದ ಹಾಗೇ ಮುರಿದದ್ದೂ ಇದೆ. 1893ರಲ್ಲಿ ಹವಾಯಿಯ ರಾಣಿಯನ್ನ ಪದಚ್ಯುತಿ ಮಾಡಿದ್ರು. ಮೂರು ವರ್ಷಕ್ಕೆ, 1896ರಲ್ಲಿ, ಶಾಲೆಗಳಲ್ಲಿ ಪಾಠ ಇಂಗ್ಲಿಷಲ್ಲೇ ನಡೀಬೇಕು ಅಂತ ಕಾನೂನು ಬಂತು. ಹವಾಯಿ ಭಾಷೆ ಮಾತಾಡಿದ ಮಕ್ಕಳಿಗೆ ಶಿಕ್ಷೆ. ಆ ಮಕ್ಕಳು ತಂದೆ ತಾಯಿ ಆದಾಗ, ನಮ್ಮ ಮಕ್ಕಳಿಗೆ ಈ ಕಷ್ಟ ಬೇಡ ಅಂತ ಮನೇಲೂ ಆ ಭಾಷೆ ಬಿಟ್ರು. 1924ರಲ್ಲಿ "ಇಂಗ್ಲಿಷ್ ಸ್ಟ್ಯಾಂಡರ್ಡ್" ಶಾಲೆಗಳು ಬಂದ್ವು. ಮಗು ಒಳ್ಳೇ ಇಂಗ್ಲಿಷ್ ಮಾತಾಡತ್ತಾ ಅಂತ ಪರೀಕ್ಷೆ ಮಾಡಿ ಸೀಟು ಕೊಡೋ ಸರ್ಕಾರಿ ಶಾಲೆಗಳು. ಪಿಜಿನ್ ಮಾತಾಡೋ ಮಕ್ಕಳು ಹೊರಗೇ ಉಳಿದ್ರು. "ನೀನು ಯಾವ ಸ್ಕೂಲು" ಅನ್ನೋ ಪ್ರಶ್ನೆಗೆ ಇರೋ ಇನ್ನೊಂದು ಮುಖ ಇದು. ಅಪ್ಪಿಕೊಳ್ಳೋಕೂ ಕೇಳ್ತಾರೆ, ಅಳೆಯೋಕೂ ಕೇಳ್ತಾರೆ. ಒಬಾಮ ಓದಿದ ಪುನಹೌ ತರದ ದುಬಾರಿ ಖಾಸಗಿ ಸ್ಕೂಲಿನ ಹೆಸರು ಹೇಳಿದ್ರೆ ಸಿಗೋ ನೋಟ ಬೇರೆ, ಬಡ ಬಡಾವಣೆಯ ಸರ್ಕಾರಿ ಸ್ಕೂಲಿನ ಹೆಸರು ಹೇಳಿದ್ರೆ ಸಿಗೋ ನೋಟ ಬೇರೆ.

ಇದನ್ನ ಓದುವಾಗ ನನಗೆ ಹೊಸದು ಅನ್ನಿಸ್ಲಿಲ್ಲ. ನಾನು ಓದಿದ್ದು ಇಂಗ್ಲಿಷ್ ಮೀಡಿಯಂ. ನಮ್ಮ ಸ್ಕೂಲಲ್ಲಿ ಕಾರಿಡಾರ್‌ನಲ್ಲಿ ಕನ್ನಡ ಮಾತಾಡಿದ್ರೆ ಫೈನ್ ಇತ್ತು. ಆದ್ರೆ ಇವತ್ತು ಆ ಸ್ಕೂಲ್ ಗ್ರೂಪ್‌ನಲ್ಲಿ ಹಳೇ ಜೋಕ್ ಬಂದ್ರೆ ಅದು ಕನ್ನಡದ್ದೇ ಆಗಿರತ್ತೆ. ಕ್ಲಾಸಲ್ಲಿ ಕಲಿತ ಎಸ್ಸೇ ಒಂದೂ ಯಾರಿಗೂ ನೆನಪಿಲ್ಲ. ಹಾಗಂತ ಕನ್ನಡವೂ ಹವಾಯಿ ಭಾಷೆಯೂ ಒಂದೇ ಸ್ಥಿತೀಲಿವೆ ಅಂತ ನಾನು ಹೇಳ್ತಿಲ್ಲ. ನಮ್ಮದು ಕೋಟಿಗಟ್ಟಲೆ ಜನರ ಭಾಷೆ. ಅವರದ್ದು 1980ರ ದಶಕದ ಆರಂಭಕ್ಕೆ, ನಿಹೌ ಅನ್ನೋ ಒಂದು ಪುಟ್ಟ ದ್ವೀಪ ಬಿಟ್ರೆ, ಮಕ್ಕಳ ಬಾಯಲ್ಲಿ ಹೆಚ್ಚುಕಮ್ಮಿ ಇಲ್ಲವೇ ಆಗಿತ್ತು.

ಆಗ ಅವರು ಏನು ಮಾಡಿದ್ರು ಅನ್ನೋದೇ ನನಗೆ ಮುಖ್ಯ. ಅಜ್ಜಿ ಕಾಲ ಎಷ್ಟು ಚೆನ್ನಾಗಿತ್ತು ಅಂತ ನೆನೆಸ್ಕೊಂಡು ಕೂರಲಿಲ್ಲ. 1984ರಲ್ಲಿ ಕವಾಯಿ ದ್ವೀಪದ ಕೆಕಹಾ ಅನ್ನೋ ಊರಲ್ಲಿ ಒಂದು ಶಿಶುವಿಹಾರ ತೆರೆದ್ರು. ಹೆಸರು "ಪೂನಾನ ಲಿಯೊ", ಅಂದ್ರೆ ದನಿಗಳ ಗೂಡು. ಅಲ್ಲಿ ಪೂರ್ತಿ ಹವಾಯಿ ಭಾಷೆ. ಹಳೇ ಕಾನೂನು ಆಗಿನ್ನೂ ಅಡ್ಡ ಇತ್ತು, ಅದು ಬದಲಾಗಿದ್ದು 1986ರಲ್ಲಿ. ಮರುವರ್ಷ ಸರ್ಕಾರಿ ಶಾಲೆಗಳಲ್ಲೂ ಹವಾಯಿ ಮಾಧ್ಯಮ ಶುರುವಾಯ್ತು. 1999ರಲ್ಲಿ ಅದೇ ಮಾಧ್ಯಮದಲ್ಲಿ ಓದಿದ ಮೊದಲ ಮಕ್ಕಳು ಹೈಸ್ಕೂಲ್ ಮುಗಿಸಿದ್ರು. ಇದರಲ್ಲಿ ನನಗೆ ಹಿಡಿಸಿದ ವಿಷಯ ಏನಂದ್ರೆ, ಮಗೂನ ಬಿಟ್ಟು ಹೋಗೋ ಹಾಗಿಲ್ಲ. ಅಪ್ಪ ಅಮ್ಮನೂ ಭಾಷೆ ಕಲೀಬೇಕು, ಶಾಲೆಯ ಕೆಲಸಕ್ಕೂ ಕೈ ಹಾಕ್ಬೇಕು. ಒಂದು ಭಾಷೇನ ಕೊಂದಿದ್ದು ಸ್ಕೂಲು, ಬದುಕಿಸ್ತಿರೋದೂ ಸ್ಕೂಲೇ.

ಈಗ ಅವರ ಮುಂದೆ ಇನ್ನೊಂದು ಕಷ್ಟ ಇದೆ. ಹವಾಯಿಯಲ್ಲಿ ಮನೆ ಬೆಲೆ, ಬಾಡಿಗೆ ಎಷ್ಟು ಏರಿದೆ ಅಂದ್ರೆ ಅಲ್ಲೇ ಹುಟ್ಟಿದವರು ಊರು ಬಿಡ್ತಿದ್ದಾರೆ. ಲಾಸ್ ವೇಗಸ್‌ಗೆ ಎಷ್ಟು ಜನ ಹೋಗಿದ್ದಾರೆ ಅಂದ್ರೆ ಅದನ್ನ "ಒಂಬತ್ತನೇ ದ್ವೀಪ" ಅಂತ ಕರೀತಾರೆ. 2020ರ ಜನಗಣತಿ ಪ್ರಕಾರ ಹವಾಯಿ ಮೂಲನಿವಾಸಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹವಾಯಿಯ ಹೊರಗಿದ್ದಾರೆ. ಇದರ ಮೇಲೆ 2023ರ ಆಗಸ್ಟ್ 8ರಂದು ಮಾವಿ ದ್ವೀಪದ ಲಹೈನಾ ಊರು ಬೆಂಕಿಗೆ ಸುಟ್ಟುಹೋಯ್ತು. ಸುಮಾರು ನೂರು ಜನ ಸತ್ರು. ಸಮುದ್ರದ ಪಕ್ಕದಲ್ಲಿದ್ದ ಪ್ರಾಥಮಿಕ ಶಾಲೆಯೂ ಹೋಯ್ತು. ಆ ಶಾಲೆಯ ಪಕ್ಕದಲ್ಲೇ ಒಂದು ಆಲದ ಮರ ಇದೆ, 1873ರಲ್ಲಿ ಭಾರತದಿಂದ ತಂದು ನೆಟ್ಟಿದ್ದು. ಬೆಂಕೀಲಿ ಬೆಂದು ಕಪ್ಪಾಗಿದ್ದ ಆ ಮರ ಕೆಲವೇ ವಾರದಲ್ಲಿ ಚಿಗುರ್ತು. ಫೋಟೋ ಎಲ್ಲ ಕಡೆ ಹರಿದಾಡ್ತು.

ಆದ್ರೆ ಮರ ತಾನಾಗೇ ಚಿಗುರ್ಲಿಲ್ಲ. ಸುಟ್ಟ ನೆಲಕ್ಕೆ ನೀರು ಹೊತ್ತು ತಂದು ಹಾಕಿದವರಿದ್ರು, ಗೊಬ್ಬರ ಕೊಟ್ಟವರಿದ್ರು. ಸುಟ್ಟ ಶಾಲೆಯ ಮಕ್ಕಳೂ ಚದುರಿ ಹೋಗ್ಬಾರ್ದು ಅಂತ ಸೇನೆಯ ಎಂಜಿನಿಯರ್‌ಗಳು ತಾತ್ಕಾಲಿಕ ಶಾಲೆ ಕಟ್ಟಿದ್ರು, 2024ರ ಏಪ್ರಿಲ್‌ನಲ್ಲಿ ಅದು ತೆರೀತು. ಎಂಜಿನಿಯರಿಂಗ್ ಓದ್ತಿರೋ ನಾವು ಇದನ್ನ ಗಮನಿಸ್ಬೇಕು. ಊರು ಅಂದ್ರೆ ಮನೆಗಳಷ್ಟೇ ಆಗಿದ್ರೆ ಮೊದಲು ಮನೆ ಕಟ್ಟಿ ಮುಗಿಸ್ತಿದ್ರು. ಮಕ್ಕಳು ಒಟ್ಟಿಗೆ ಇದ್ರೆ ಅಪ್ಪ ಅಮ್ಮ ಊರು ಬಿಡೋಕೆ ಇನ್ನೊಂದ್ಸಲ ಯೋಚಿಸ್ತಾರೆ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಸ್ಕೂಲ್ ದಿನಗಳ ನೆನಪು ತಪ್ಪಲ್ಲ, ಅದರಿಂದ ಏನೂ ಮಾಡದೇ ಇದ್ರೆ ಮಾತ್ರ ಅದು ವೇಸ್ಟ್. ಬರೀ ಥ್ರೋಬ್ಯಾಕ್ ಫೋಟೋ ಹಾಕೋದ್ರಿಂದ ಬಂಧ ಉಳಿಯಲ್ಲ. ಊಟ ಹಂಚ್ಕೊಳ್ಳೋದು, ಮಾತು ಹಂಚ್ಕೊಳ್ಳೋದು, ಕೆಲಸ ಹಂಚ್ಕೊಳ್ಳೋದು, ಇದರಿಂದ ಉಳಿಯತ್ತೆ.

ನಮ್ಮ ಕ್ಯಾಂಪಸ್‌ನಲ್ಲೂ ಕ್ಯಾಂಪ್‌ಗಳಿವೆ. ಸಿಇಟಿ, ಮ್ಯಾನೇಜ್‌ಮೆಂಟ್. ಉತ್ತರ ಕರ್ನಾಟಕ, ಬೆಂಗಳೂರು. ಕನ್ನಡ ಮೀಡಿಯಂ, ಇಂಗ್ಲಿಷ್ ಮೀಡಿಯಂ, ಹೊರರಾಜ್ಯ. ಮೆಸ್‌ನಲ್ಲಿ ಟೇಬಲ್ ನೋಡಿದ್ರೇ ಗೊತ್ತಾಗತ್ತೆ ಯಾರ್ಯಾರು ಎಲ್ಲೆಲ್ಲಿ ಕೂರ್ತಾರೆ ಅಂತ. ಈ ಸಲ ಫಸ್ಟ್ ಇಯರ್‌ನವರು ಬಂದಾಗ ಒಂದು ಪ್ರಯತ್ನ ಮಾಡೋಣ. ರ‍್ಯಾಂಕ್ ಎಷ್ಟು ಅಂತ ಕೇಳೋ ಬದಲು ಯಾವ ಸ್ಕೂಲು, ಅಲ್ಲಿ ಯಾವ ಆಟ ಆಡ್ತಿದ್ರಿ, ಅದಕ್ಕೆ ನಿಮ್ಮೂರಲ್ಲಿ ಏನಂತಾರೆ ಅಂತ ಕೇಳೋಣ. ಧಾರವಾಡದವನ ಪದ, ಮಂಗಳೂರಿನವಳ ಪದ, ಬಿಹಾರಿಂದ ಬಂದವನ ಪದ, ಎಲ್ಲ ಈ ಪತ್ರಿಕೇಲಿ ಒಂದೊಂದು ಪುಟ ಹಾಕೋಣ. ಅವರ ಕನ್ನಡ ಹರಕು ಮುರುಕಾಗಿದ್ರೆ ನಗೋದು ಬೇಡ, ನಂದೂ ಹಾಗೇ ಇದೆ. ಹವಾಯಿ ಮಕ್ಕಳು ಇಂಥ ಹರಕು ಮಾತಿನಿಂದಲೇ ಒಂದು ಭಾಷೆ ಕಟ್ಟಿದ್ರು. ನಾವು ಕಡೇಪಕ್ಷ ಒಂದು ಮೆಸ್ ಟೇಬಲ್ಲನ್ನಾದ್ರೂ ಕಟ್ಟಬಹುದು.