ಹೆರಿಗೆಯ ಚೀಲದಲ್ಲಿ ತಾಯಿಯ ಪಾಲೆಷ್ಟು?

ಸೀಮಂತದ ಬಳೆಗಳ ಸದ್ದು ಅಡಗುವ ಮೊದಲೇ ನಮ್ಮ ಸದಸ್ಯ ಕುಟುಂಬಗಳಿಂದ ಬರುವ ಪ್ರಶ್ನೆ ಒಂದೇ: "ಡಾಕ್ಟ್ರೇ, ಆಸ್ಪತ್ರೆಗೆ ಏನೇನು ಒಯ್ಯಬೇಕು?" ಬ್ರಿಟನ್ನಿನಲ್ಲಿ ನೆಲೆಸಿ, ಸಂಘದ ಆರೋಗ್ಯ ಬಳಗದಲ್ಲಿ ಸ್ವಯಂಸೇವೆ ಮಾಡುತ್ತಿರುವ ನಾವು ಈ ಪ್ರಶ್ನೆಗೆ ಹಲವು ವರ್ಷಗಳಿಂದ ಉತ್ತರಿಸುತ್ತ ಬಂದಿದ್ದೇವೆ. ಈಚೀಚೆಗೆ ಉತ್ತರ ಹೇಳುವ ಮುನ್ನ ಮರುಪ್ರಶ್ನೆಯೊಂದನ್ನು ಕೇಳುವ ಅಭ್ಯಾಸ ಮಾಡಿಕೊಂಡಿದ್ದೇವೆ. ಆ ಚೀಲವನ್ನು ತುಂಬುವವರು ಯಾರು, ತೆರೆಯುವವರು ಯಾರು?

ಬಹುಪಾಲು ಮನೆಗಳಲ್ಲಿ ತುಂಬುವವಳು ಗರ್ಭಿಣಿ. 37 ವಾರ ತುಂಬುವ ಹೊತ್ತಿಗೆ, ಬಗ್ಗಲಾಗದ ಹೊಟ್ಟೆಯನ್ನು ಹೊತ್ತು, ಪಟ್ಟಿ ನೋಡಿ ಒಂದೊಂದನ್ನೇ ಮಡಿಸಿಡುತ್ತಾಳೆ. ತೆರೆಯುವವನು ಗಂಡ. ನಡುರಾತ್ರಿ ಶುಶ್ರೂಷಕಿ ಏನನ್ನೋ ಕೇಳಿದಾಗ ಇಡೀ ಚೀಲವನ್ನು ಕುರ್ಚಿಯ ಮೇಲೆ ಸುರಿದು ಹುಡುಕುವ ಗಂಡಂದಿರನ್ನು ನಾವು ಕಂಡಿದ್ದೇವೆ. ನೋವು ತಿನ್ನುತ್ತಿರುವ ಹೆಣ್ಣು "ಎಡಗಡೆ ಜಿಪ್ಪಿನೊಳಗೆ" ಎಂದು ದಾರಿ ತೋರಿಸಬೇಕಾದ ಸ್ಥಿತಿ ಬರಬಾರದು. ಆದ್ದರಿಂದ ನಮ್ಮ ಮೊದಲ ಅಭಿಪ್ರಾಯ: ಚೀಲವನ್ನು ಗಂಡನೇ ತುಂಬಲಿ. ಅವಳು ಕುಳಿತು ಹೇಳಲಿ.

ಇನ್ನು ಚೀಲದೊಳಗಿನ ಸಂಗತಿ. ಮಗುವಿಗೆಂದು ಹತ್ತು ಅಂಗಿ, ನಾಲ್ಕು ಟೋಪಿ, ಊರಿನಿಂದ ಬಂದ ಕುಲಾವಿ, ಬೆಳ್ಳಿಯ ಒಳಲೆ. ತಾಯಿಗೆ? ಒಂದು ನೈಟಿ, ಒಂದು ಟವೆಲು. ಕರ್ನಾಟಕ ಸರ್ಕಾರ ಬಡ ಬಾಣಂತಿಯರಿಗೆ ಕೊಡುತ್ತಿದ್ದ 'ಮಡಿಲು' ಕಿಟ್ಟನ್ನು ಇಲ್ಲಿ ನೆನೆಯಬೇಕು. ಅದರಲ್ಲಿ ಮಗುವಿನ ಬಟ್ಟೆಯ ಜೊತೆಗೆ ತಾಯಿಗೆ ಸೋಪು, ಪ್ಯಾಡು, ಹೊಟ್ಟೆಗೆ ಕಟ್ಟುವ ಬಟ್ಟೆಯೂ ಇದ್ದವು. ಸರ್ಕಾರಿ ಪಟ್ಟಿಗೆ ಹೊಳೆದದ್ದು ನಮಗೆ ಹೊಳೆಯದೆ ಹೋಗುವುದು ಸೋಜಿಗ. ಹೆರಿಗೆಯ ನಂತರದ ರಕ್ತಸ್ರಾವಕ್ಕೆ ದಪ್ಪನೆಯ ಪ್ಯಾಡುಗಳು ಎರಡು ಪೊಟ್ಟಣವಾದರೂ ಬೇಕು. ಮುಂಭಾಗ ತೆರೆಯುವ ಹತ್ತಿಯ ಅಂಗಿ ಬೇಕು, ಏಕೆಂದರೆ ಹೊರಗೆ ಹಿಮ ಬೀಳುತ್ತಿದ್ದರೂ ಹೆರಿಗೆ ಕೋಣೆ ಬೆಚ್ಚಗಿರುತ್ತದೆ. ಸಡಿಲವಾದ ಒಳಉಡುಪು, ಚಪ್ಪಲಿ, ಉದ್ದ ತಂತಿಯ ಚಾರ್ಜರ್, ದಿನನಿತ್ಯದ ಮಾತ್ರೆಗಳು ಇರಲಿ. ಶಾಕಾಹಾರಿಗಳಾಗಿದ್ದರೆ ಅಂಟಿನುಂಡೆಯೋ ಖಾಖ್ರಾವೋ ಒಂದು ಡಬ್ಬಿ ಇರಲಿ, ರಾತ್ರಿ ಮೂರು ಗಂಟೆಗೆ ವಾರ್ಡಿನಲ್ಲಿ ಸಿಗುವುದು ಟೋಸ್ಟು ಮಾತ್ರ. ಮಗುವನ್ನು ಕಾರಿನಲ್ಲಿ ಕರೆದೊಯ್ಯುವವರು ಕಾರ್ ಸೀಟನ್ನು ಮುಂಚೆಯೇ ಜೋಡಿಸಿ ಅಭ್ಯಾಸ ಮಾಡಿಕೊಳ್ಳಲಿ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಒಂದು ಹಾಳೆ. ತಾಯಿಯೇ ಬರೆದದ್ದು. ಯಾವ ಔಷಧಿ ಒಗ್ಗುವುದಿಲ್ಲ, ರಕ್ತದ ಗುಂಪು ಯಾವುದು, ಹಿಂದೆ ಯಾವ ಶಸ್ತ್ರಚಿಕಿತ್ಸೆಯಾಗಿದೆ, ಕೋಣೆಯಲ್ಲಿ ಯಾರಿರಬೇಕು, ನೋವಿಗೆ ಏನು ಬೇಕು, ಏನು ಬೇಡ. ಎಪಿಡ್ಯೂರಲ್ ತೆಗೆದುಕೊಳ್ಳಬೇಕೇ ಎಂಬುದನ್ನು ವಾಟ್ಸಾಪಿನಲ್ಲಿ ಚಿಕ್ಕಮ್ಮಂದಿರು ನಿರ್ಧರಿಸಬಾರದು. ಆಸ್ಪತ್ರೆಯ ದಾಖಲೆಗಳು ಈಗ ಫೋನಿನೊಳಗೆ ಸೇರಿಕೊಂಡಿದ್ದರೂ ಕಾಗದಕ್ಕೆ ಬ್ಯಾಟರಿ ಮುಗಿಯುವುದಿಲ್ಲ.

ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ. ನಮಗೆ ಪರಿಚಿತರಾದ ದಂಪತಿಗಳ ಅನುಭವವನ್ನು ಅವರ ಒಪ್ಪಿಗೆ ಪಡೆದು, ಗುರುತು ಮರೆಸಿ ಹೇಳುತ್ತಿದ್ದೇವೆ. ಆಕೆಗೆ ಅಂಗಡಿ, ಬಸ್ಸುಗಳಲ್ಲಿ ವ್ಯವಹರಿಸುವಷ್ಟು ಇಂಗ್ಲಿಷ್ ಇತ್ತು. ಆದರೆ ನೋವು ಬಂದ ಮೇಲೆ ಬಾಯಿಗೆ ಬಂದದ್ದು ಕನ್ನಡವೊಂದೇ. "ತಲೆ ಸಿಡೀತಿದೆ ರೀ, ಕಣ್ಣ ಮುಂದೆ ಮಿಂಚು ಹೊಡೆದ ಹಾಗಾಗ್ತಿದೆ" ಎಂದಳು. ಗಂಡ ಅದನ್ನು ಇಂಗ್ಲಿಷಿಗೆ ತಂದದ್ದು, ನಿದ್ದೆಯಿಲ್ಲದೆ ದಣಿದಿದ್ದಾಳೆ ಎಂದು. ಕೆಟ್ಟ ಮನಸ್ಸಿನಿಂದಲ್ಲ. ತಾನೂ ಹೆದರಿದ್ದ, ಮೇಲಾಗಿ ಸಿಬ್ಬಂದಿಗೆ ತೊಂದರೆ ಕೊಡಬಾರದೆಂಬ ನಮ್ಮವರ ಎಂದಿನ ಸಂಕೋಚ. ಶುಶ್ರೂಷಕಿ ತನ್ನ ಪಾಡಿಗೆ ರಕ್ತದೊತ್ತಡ ನೋಡಿದ್ದರಿಂದ ಅದು ಪ್ರೀಎಕ್ಲಾಂಪ್ಸಿಯಾ ಎಂದು ತಿಳಿಯಿತು, ಚಿಕಿತ್ಸೆ ದೊರೆಯಿತು. ತಾಯಿ, ಮಗು ಇಬ್ಬರೂ ಕ್ಷೇಮ. ಆದರೆ ಆ ಗಂಡ ಇಂದಿಗೂ ಆ ವಾಕ್ಯವನ್ನು ನೆನೆದು ಮೌನವಾಗುತ್ತಾನೆ.

ಗಂಡ ದುಭಾಷಿಯಲ್ಲ. ಅತ್ತೆಯಂತೂ ಅಲ್ಲವೇ ಅಲ್ಲ. ಹಿಂದಿನ ಗರ್ಭಪಾತವನ್ನೋ ಮನಸ್ಸಿನ ಕಳವಳವನ್ನೋ ಅವರ ಮುಂದೆ ಹೇಳಲಾಗದ ಹೆಣ್ಣುಮಕ್ಕಳು ನಮ್ಮ ನಡುವೆಯೇ ಇದ್ದಾರೆ. ಎನ್‌ಎಚ್‌ಎಸ್‌ನಲ್ಲಿ ವೃತ್ತಿಪರ ದುಭಾಷಿಯ ಸೇವೆ ಉಚಿತ. ಮೊದಲ ಭೇಟಿಯಲ್ಲೇ ಕೇಳಿ, ದಾಖಲೆಯಲ್ಲಿ ಬರೆಸಿ. ಭಾಷೆ ಕನ್ನಡವೆಂದು ಬಿಡಿಸಿ ಹೇಳಿ. ಬರೀ 'ಇಂಡಿಯನ್' ಎಂದರೆ ಹಿಂದಿಯ ದುಭಾಷಿ ಬಂದಾರು! ಬ್ರಿಟನ್ನಿನ ತಾಯಂದಿರ ಮರಣಗಳ ವಿಚಾರಣಾ ವರದಿಗಳು ಏಷ್ಯಾ ಮೂಲದ ತಾಯಂದಿರಿಗೆ ಅಪಾಯ ಹೆಚ್ಚೆಂದು ವರ್ಷಗಳಿಂದ ಹೇಳುತ್ತ ಬಂದಿವೆ. ಕಾರಣಗಳು ಹಲವು. ಅವುಗಳಲ್ಲಿ ನಮ್ಮ ಕೈಯಲ್ಲಿರುವುದು, ಅವಳ ಮಾತು ಅವಳದೇ ಆಗಿ ತಲುಪುವಂತೆ ನೋಡಿಕೊಳ್ಳುವುದು.

ಚೀಲದಿಂದ ತೆಗೆದಿಡಬೇಕಾದದ್ದೂ ಒಂದಿದೆ: ಜೇನುತುಪ್ಪದ ಸೀಸೆ. ಹುಟ್ಟಿದ ಮಗುವಿನ ನಾಲಗೆಗೆ ಜೇನು ಸವರುವುದು ಹಿರಿಯರ ಪ್ರೀತಿಯ ಸಂಪ್ರದಾಯವೆಂದು ಬಲ್ಲೆವು. ಆದರೆ ವರ್ಷ ತುಂಬುವವರೆಗೆ ಜೇನು ಕೊಡಬಾರದು. ಅದರಲ್ಲಿರಬಹುದಾದ ಬೊಟುಲಿಸಂ ರೋಗಾಣು ಎಳೆಗೂಸಿನ ಕರುಳಿನಲ್ಲಿ ಬೆಳೆದು ನರಗಳನ್ನು ಸೋಲಿಸಬಲ್ಲದು. ಊರಿನಿಂದ ಬಂದ ಅಮ್ಮನಿಗೆ ಇದನ್ನು ಹೆರಿಗೆ ಕೋಣೆಯಲ್ಲಿ ಹೇಳಿ ನೋಯಿಸಬೇಡಿ, ವಾರ ಮೊದಲೇ ಊಟದ ಹೊತ್ತಿನಲ್ಲಿ ಹೇಳಿ. ತೊಡಕಿಲ್ಲದ ಹೆರಿಗೆಯಾದರೆ ಇಲ್ಲಿ ಒಂದೇ ದಿನದೊಳಗೆ ಮನೆಗೆ ಕಳುಹಿಸುವುದುಂಟು. ಆಮೇಲೆ ಬಾಣಂತಿಯ ಕಾವಲಿಗೆ ಉಳಿಯುವವರು ಆ ಅಮ್ಮನೇ.

ಹಾಗಾಗಿ ಹಾಳೆಯ ಹಿಂಬದಿಯಲ್ಲಿ ಅಮ್ಮನಿಗಾಗಿ ಕನ್ನಡದಲ್ಲೇ ಬರೆದಿಡಿ: ಗಂಟೆಗೊಂದು ಪ್ಯಾಡು ತೊಯ್ಯುವಷ್ಟು ರಕ್ತ, ಜ್ವರ, ಒಂದೇ ಕಾಲಿನ ಊತ, ಬಿಡದ ತಲೆನೋವು ಕಂಡರೆ ಬೆಳಗಾಗಲೆಂದು ಕಾಯದೆ ಕೂಡಲೇ ಹೆರಿಗೆ ವಿಭಾಗಕ್ಕೆ ಫೋನು ಮಾಡಬೇಕು. ಎದೆನೋವು, ಉಸಿರಿನ ತೊಂದರೆಯಾದರೆ ನೇರ 999. ಬಾಣಂತನದಲ್ಲಿ ಹೀಗೆಲ್ಲ ಇದ್ದದ್ದೇ ಎಂದು ಮಲಗಿಸಬಾರದು. ವಿಭಾಗದ ಸಂಖ್ಯೆಯನ್ನು ಅಮ್ಮನ ಫೋನಿನಲ್ಲೂ ಕನ್ನಡದಲ್ಲಿ 'ಆಸ್ಪತ್ರೆ' ಎಂದು ಉಳಿಸಿಕೊಟ್ಟು, ಒಮ್ಮೆ ಒತ್ತಿಸಿ ತೋರಿಸಿ.