ಸಹಿ ಇಬ್ಬರದು, ಲಾಭ ಯಾರದು?

2011ರ ಜನವರಿ 26. ಅಮೆರಿಕದ ಯೂಟಾ ರಾಜ್ಯದ ಪ್ರೊವೊ ಪಟ್ಟಣ. ಆ ಋತುವಿನಲ್ಲಿ 20 ಪಂದ್ಯ ಆಡಿ ಒಂದನ್ನೂ ಸೋಲದ ಸ್ಯಾನ್ ಡಿಯಾಗೊ ಸ್ಟೇಟ್ ತಂಡವನ್ನು ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಹುಡುಗರು 71–58ರಿಂದ ಸೋಲಿಸಿದರು. ಆ 71ರಲ್ಲಿ 43 ಅಂಕ ಒಬ್ಬನೇ ಗಳಿಸಿದ್ದು. ಅವನೇ ಜಿಮ್ಮರ್ ಫ್ರೆಡೆಟ್.

ಆಗ ನಾನಿನ್ನೂ ಒಂದನೇ ಕ್ಲಾಸಿಗೂ ಸೇರಿರಲಿಲ್ಲ. ನಮ್ಮ ಹಾಸ್ಟೆಲಿನಲ್ಲಿ ಕ್ರಿಕೆಟ್ ಬಿಟ್ಟು ಬ್ಯಾಸ್ಕೆಟ್‌ಬಾಲ್ ನೋಡುವವರು ನಾಲ್ಕೈದು ಮಂದಿ ಮಾತ್ರ, ಅವರಲ್ಲಿ ನಾನೂ ಒಬ್ಬ. 2025ರ ಏಪ್ರಿಲ್‌ನಲ್ಲಿ ಜಿಮ್ಮರ್ ನಿವೃತ್ತಿ ಘೋಷಿಸಿದ ಮೇಲೆ ಅವನ ಹಳೆಯ ಪಂದ್ಯಗಳನ್ನು ಹುಡುಕಿ ನೋಡಿದೆ. ಅರ್ಧ ಅಂಕಣದ ಹತ್ತಿರದಿಂದ ಚೆಂಡು ಎಸೆದು ಬುಟ್ಟಿಗೆ ಹಾಕುವುದನ್ನು ನೋಡಿ ಖುಷಿಪಟ್ಟೆ. ಆದರೆ ಅವನ ಬೆಳವಣಿಗೆಯ ಹಿಂದೆ ಇದ್ದ ಮೂರು ಕಾಗದಗಳು ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದವು.

ಮೊದಲನೆಯದು ಮನೆಯೊಳಗಿನ ಕಾಗದ. ನ್ಯೂಯಾರ್ಕ್ ರಾಜ್ಯದ ಗ್ಲೆನ್ಸ್ ಫಾಲ್ಸ್ ಎಂಬ ಸಣ್ಣ ಊರಿನ ಹುಡುಗ ಜಿಮ್ಮರ್. ಅವನು ಹೈಸ್ಕೂಲಿನಲ್ಲಿದ್ದಾಗ, 2007ರ ಜನವರಿಯಲ್ಲಿ, ಅಣ್ಣ ಟಿ.ಜೆ. ಒಂದು ಕರಾರುಪತ್ರ ಬರೆದು ತಮ್ಮನಿಂದ ಸಹಿ ಹಾಕಿಸಿದ. ಎನ್‌ಬಿಎ ತಲುಪಲು ಬೇಕಾದ ಶ್ರಮವನ್ನೆಲ್ಲ ಪಡುತ್ತೇನೆ ಎಂಬುದು ಅದರ ತಿರುಳು. ಜಿಮ್ಮರ್ ಅದನ್ನು ಪಾಲಿಸಿದ. ವಿಶ್ವವಿದ್ಯಾಲಯದ ಮೊದಲ ವರ್ಷ ಪಂದ್ಯಕ್ಕೆ ಸರಾಸರಿ 7 ಅಂಕ, ಎರಡನೇ ವರ್ಷ 16.2, ಮೂರನೇ ವರ್ಷ 22.1, ಕೊನೆಯ ವರ್ಷ 28.9. ಆ ವರ್ಷ ಇಡೀ ದೇಶದ ಕಾಲೇಜು ಆಟಗಾರರಲ್ಲಿ ಅವನದೇ ಅತಿ ಹೆಚ್ಚು ಸರಾಸರಿ. ವರ್ಷದ ಶ್ರೇಷ್ಠ ಆಟಗಾರನ ಪ್ರಮುಖ ಪ್ರಶಸ್ತಿಗಳೂ ಅವನಿಗೇ ಬಂದವು. ಒಂದೇ ರಾತ್ರಿಯಲ್ಲಿ ಹುಟ್ಟಿದ ಸ್ಟಾರ್ ಅಲ್ಲ ಎನ್ನಲು ಈ ನಾಲ್ಕು ಅಂಕಿಗಳೇ ಸಾಕು.

ಎರಡನೆಯ ಕಾಗದ ವಿಶ್ವವಿದ್ಯಾಲಯದ್ದು. ಬ್ರಿಗಮ್ ಯಂಗ್ ವಿಶ್ವವಿದ್ಯಾಲಯ ಮಾರ್ಮನ್ ಚರ್ಚಿಗೆ ಸೇರಿದ್ದು. 1830ರಲ್ಲಿ ಸ್ಥಾಪನೆಯಾದ ಈ ಚರ್ಚ್ ಭಾರತದಲ್ಲಿನ ತನ್ನ ಮೊದಲ ಮಂದಿರವನ್ನು ಬೆಂಗಳೂರಿನಲ್ಲಿ ಕಟ್ಟುವುದಾಗಿ 2018ರಲ್ಲಿ ಪ್ರಕಟಿಸಿತ್ತು. ಜಿಮ್ಮರ್ ಕೂಡ ಮಾರ್ಮನ್. ಅಲ್ಲಿ ಓದುವ ಪ್ರತಿಯೊಬ್ಬರೂ ಒಂದು ನೀತಿ ಸಂಹಿತೆಗೆ ಒಪ್ಪಿ ಸಹಿ ಹಾಕಬೇಕು. ಮದ್ಯ, ತಂಬಾಕು ಇಲ್ಲ. ಕಾಫಿ, ಟೀ ಕೂಡ ಇಲ್ಲ. ಗಡ್ಡ ಬಿಡುವಂತಿಲ್ಲ. ಮದುವೆಗೆ ಮುಂಚೆ ದೈಹಿಕ ಸಂಬಂಧ ನಿಷಿದ್ಧ. ತಂಡ ಭಾನುವಾರ ಆಡುವುದಿಲ್ಲ. ರಾಷ್ಟ್ರೀಯ ಟೂರ್ನಿಯ ವೇಳಾಪಟ್ಟಿಯನ್ನೇ ಅದಕ್ಕೆ ತಕ್ಕಂತೆ ಹೊಂದಿಸುತ್ತಾರೆ.

ಈ ಸಹಿ ಎಷ್ಟು ಗಟ್ಟಿ ಎಂಬುದು 2011ರ ಮಾರ್ಚ್ 1ರಂದು ಗೊತ್ತಾಯಿತು. ತಂಡ ಆಗ ದೇಶದ ಮೂರನೇ ರ‍್ಯಾಂಕಿನಲ್ಲಿತ್ತು. ಟೂರ್ನಿಗೆ ಕೆಲವೇ ದಿನ ಬಾಕಿ. ಜಿಮ್ಮರ್‌ನ ಜೊತೆ ಆಟಗಾರ ಬ್ರ್ಯಾಂಡನ್ ಡೇವಿಸ್ ನೀತಿ ಸಂಹಿತೆ ಮೀರಿದ್ದಾನೆಂದು ವಿಶ್ವವಿದ್ಯಾಲಯ ಅವನನ್ನು ತಂಡದಿಂದ ಹೊರಗಿಟ್ಟಿತು. ಮರುದಿನವೇ ತಂಡ ನ್ಯೂ ಮೆಕ್ಸಿಕೊ ವಿರುದ್ಧ ಸೋತಿತು. ಜಿಮ್ಮರ್ ಆಮೇಲೆ ಅದೇ ನ್ಯೂ ಮೆಕ್ಸಿಕೊ ವಿರುದ್ಧ 52 ಅಂಕ ಗಳಿಸಿದರೂ ರಾಷ್ಟ್ರೀಯ ಟೂರ್ನಿಯಲ್ಲಿ ತಂಡದ ಓಟ ಕೊನೆಯ 16ರ ಹಂತದಲ್ಲಿ ಫ್ಲೋರಿಡಾ ಎದುರು ನಿಂತಿತು. ಗೆಲುವಿಗಿಂತ ಕೊಟ್ಟ ಮಾತು ದೊಡ್ಡದು ಎಂದು ಅನೇಕರು ವಿಶ್ವವಿದ್ಯಾಲಯವನ್ನು ಹೊಗಳಿದರು. ಇಪ್ಪತ್ತರ ಆಸುಪಾಸಿನ ಹುಡುಗನ ಖಾಸಗಿ ಬದುಕು ದೇಶದ ಸುದ್ದಿಯಾಯಿತಲ್ಲ ಎಂದು ಮರುಗಿದವರೂ ಇದ್ದರು. ಡೇವಿಸ್ ಮುಂದಿನ ಋತುವಿಗೆ ಮರಳಿದ, ನಂತರ ಎನ್‌ಬಿಎ ಮತ್ತು ಯುರೋಪಿನಲ್ಲೂ ಆಡಿದ.

ಮೂರನೆಯ ಕಾಗದ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆಯದ್ದು. ತಾನು ಹವ್ಯಾಸಿ ಆಟಗಾರ ಎಂದು ಆಗ ಪ್ರತಿ ವರ್ಷ ಬರೆದುಕೊಡಬೇಕಿತ್ತು. ಅಂದರೆ ಸ್ಕಾಲರ್‌ಷಿಪ್ ಬಿಟ್ಟು ಬೇರೆ ಹಣ ಮುಟ್ಟುವಂತಿರಲಿಲ್ಲ. ತನ್ನ ಹೆಸರು, ಫೋಟೊ ಬಳಸಿ ಜಾಹೀರಾತಿನಲ್ಲಿ ಸಂಪಾದಿಸುವಂತಿರಲಿಲ್ಲ. 2010ರಲ್ಲಿ ಇದೇ ಎನ್‌ಸಿಎಎ, ಟೂರ್ನಿಯ ಪ್ರಸಾರಕ್ಕಾಗಿ ಟಿ.ವಿ. ಕಂಪನಿಗಳ ಜೊತೆ 14 ವರ್ಷಕ್ಕೆ 1,080 ಕೋಟಿ ಡಾಲರ್‌ಗಳ ಒಪ್ಪಂದ ಮಾಡಿಕೊಂಡಿತ್ತು. ಆ ಒಪ್ಪಂದದ ಮೊದಲ ಟೂರ್ನಿ ನಡೆದದ್ದು 2011ರಲ್ಲಿ. ದೇಶವೇ ಜಿಮ್ಮರ್‌ನನ್ನು ನೋಡಲು ಟಿ.ವಿ. ಮುಂದೆ ಕೂತಿದ್ದ ವರ್ಷ ಅದು.

ನನ್ನ ಪ್ರಶ್ನೆ ಇರುವುದು ಇಲ್ಲಿ. ವಿದ್ಯಾರ್ಥಿ ಹಾಕಿದ ಸಹಿ ಅವನನ್ನು ಒಂದೇ ದಿನದಲ್ಲಿ ತಂಡದಿಂದ ಹೊರಗಿಡುವಷ್ಟು ಬಲವಾಗಿತ್ತು. ಅದೇ ವಿದ್ಯಾರ್ಥಿಗೆ ತನ್ನ ಹೆಸರಿನ ಮೇಲೆ ಮಾತ್ರ ಹಕ್ಕಿರಲಿಲ್ಲ. ಕರಾರು ಎಂದರೆ ಎರಡೂ ಕಡೆಯವರನ್ನು ಕಟ್ಟಬೇಕಲ್ಲವೇ?

ಮುಂದೆ ಎನ್‌ಬಿಎಗೆ ಹೋಗಿ ಸಂಪಾದಿಸಬಹುದಲ್ಲ ಎಂಬ ಉತ್ತರ ಆಗ ಸಿದ್ಧವಿತ್ತು. 2011ರ ಆಯ್ಕೆಯಲ್ಲಿ ಜಿಮ್ಮರ್ 10ನೆಯವನಾಗಿ ಆರಿಸಿ ಬಂದು ಸ್ಯಾಕ್ರಮೆಂಟೊ ತಂಡ ಸೇರಿದ್ದೇನೋ ನಿಜ. ಆದರೆ ಅಲ್ಲಿ ಅವನಿಗಿಂತ ಎತ್ತರದ, ವೇಗದ ಆಟಗಾರರು ಇದ್ದರು. ರಕ್ಷಣೆಯಲ್ಲಿ ಅವನು ಹಿಂದೆ ಬಿದ್ದ. ಕಾಲೇಜಿನಲ್ಲಿ ಚೆಂಡು ಸದಾ ಅವನ ಕೈಯಲ್ಲೇ ಇರುತ್ತಿತ್ತು, ಇಲ್ಲಿ ಹಾಗಿರಲಿಲ್ಲ. ತಂಡದಿಂದ ತಂಡಕ್ಕೆ ಅಲೆದು, 2016ರಲ್ಲಿ ಚೀನಾದ ಶಾಂಘೈಗೆ ಹೋಗಿ ಅಲ್ಲಿ ಮತ್ತೆ ಸ್ಟಾರ್ ಆದ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಮೂವರ ಬ್ಯಾಸ್ಕೆಟ್‌ಬಾಲ್‌ನಲ್ಲೂ ಅಮೆರಿಕಕ್ಕೆ ಆಡಿದ. ಬದುಕು ಸೋಲಲಿಲ್ಲ. ಆದರೆ ಅಮೆರಿಕದಲ್ಲಿ ಅವನ ಹೆಸರಿಗೆ ಅತಿ ಹೆಚ್ಚು ಬೆಲೆ ಇದ್ದದ್ದು, ಅದನ್ನು ಅವನು ಮಾರುವಂತಿಲ್ಲದ ವರ್ಷದಲ್ಲಿ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಗಾದೆ ಇವನಿಗಾಗಿಯೇ ಹುಟ್ಟಿದಂತಿದೆ.

ಈ ಲೆಕ್ಕ ಬದಲಾಗಿದ್ದು ಕೋರ್ಟುಗಳಿಂದ. ವಿಡಿಯೊ ಗೇಮ್‌ನಲ್ಲಿ ತನ್ನನ್ನೇ ಹೋಲುವ ಆಟಗಾರನನ್ನು ಕಂಡ ಎಡ್ ಒಬ್ಯಾನನ್ ಎಂಬ ಹಳೆಯ ಆಟಗಾರ 2009ರಲ್ಲಿ ಮೊಕದ್ದಮೆ ಹೂಡಿದ. 2021ರ ಜೂನ್‌ನಲ್ಲಿ ಮತ್ತೊಂದು ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಂಬತ್ತೂ ನ್ಯಾಯಮೂರ್ತಿಗಳ ಒಮ್ಮತದಿಂದ ಎನ್‌ಸಿಎಎ ವಿರುದ್ಧ ತೀರ್ಪು ಕೊಟ್ಟಿತು. ಆ ಜುಲೈನಿಂದ ಆಟಗಾರರು ತಮ್ಮ ಹೆಸರಿನಿಂದ ಸಂಪಾದಿಸಲು ಶುರು ಮಾಡಿದರು. 2025ರ ಜೂನ್‌ನಲ್ಲಿ ಕೋರ್ಟ್ ಒಪ್ಪಿದ ರಾಜಿಯ ಪ್ರಕಾರ ಕಾಲೇಜುಗಳೇ ಮೊದಲ ವರ್ಷ (2025–26) ಸುಮಾರು 2.05 ಕೋಟಿ ಡಾಲರ್‌ವರೆಗೆ ಆಟಗಾರರಿಗೆ ಹಂಚಬಹುದಿತ್ತು. ಹಳೆಯ ಬಾಕಿಯೂ ಸಿಗುತ್ತದೆ, ಆದರೆ 2016ರಿಂದ ಈಚೆಗೆ ಆಡಿದವರಿಗೆ. ಜಿಮ್ಮರ್ ಕಾಲೇಜು ಬಿಟ್ಟದ್ದು 2011ರಲ್ಲಿ.

ಹಣ ಬಂದರೆ ಶಿಸ್ತು ಹೋಗುತ್ತದೆ, ಶ್ರೀಮಂತ ಕಾಲೇಜುಗಳೇ ಒಳ್ಳೆಯ ಆಟಗಾರರನ್ನು ಬಾಚಿಕೊಳ್ಳುತ್ತವೆ ಎಂಬ ಆತಂಕವಿದೆ. ಎರಡನೆಯ ಮಾತನ್ನು ನಾನೂ ಒಪ್ಪುತ್ತೇನೆ. ಮೊದಲನೆಯದಕ್ಕೆ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದಲ್ಲೇ ಉತ್ತರ ಇದೆ. 2021ರ ಆಗಸ್ಟ್‌ನಲ್ಲಿ ಒಂದು ಪ್ರೊಟೀನ್ ಬಾರ್ ಕಂಪನಿ ಅಲ್ಲಿನ ಸ್ಕಾಲರ್‌ಷಿಪ್ ಇಲ್ಲದ ಫುಟ್‌ಬಾಲ್ ಆಟಗಾರರಿಗೆ ವರ್ಷದ ಫೀಸಿನಷ್ಟು ಹಣ ಕೊಡಲು ಮುಂದೆ ಬಂತು. ಲಾಭ ಸ್ಟಾರ್‌ಗಳಿಗೆ ಮಾತ್ರ ಎನ್ನುವಂತಿಲ್ಲ. ದೇಶದ ಅಗ್ರ ಹೈಸ್ಕೂಲ್ ಆಟಗಾರರಲ್ಲಿ ಒಬ್ಬನಾಗಿದ್ದ, ಮಾರ್ಮನ್ ಅಲ್ಲದ ಎ.ಜೆ. ಡಿಬಾಂಟ್ಸಾ 2024ರ ಡಿಸೆಂಬರ್‌ನಲ್ಲಿ ಇದೇ ವಿಶ್ವವಿದ್ಯಾಲಯವನ್ನು ಆರಿಸಿಕೊಂಡ. ನೀತಿ ಸಂಹಿತೆ ಅವನಿಗೂ ಅದೇ. ಭಾನುವಾರದ ರಜೆಯೂ ಹಾಗೇ ಇದೆ. ನಿಯಮ ಮತ್ತು ಹಕ್ಕು ಒಂದೇ ಅಂಗಳದಲ್ಲಿ ಇರಬಲ್ಲವು.

ಇದು ದೂರದ ದೇಶದ ಕಥೆ ಎನ್ನಬೇಡಿ. ಫಲಿತಾಂಶದ ದಿನಗಳಲ್ಲಿ ನಮ್ಮ ಊರುಗಳ ವೃತ್ತಗಳನ್ನು ನೋಡಿ. ರ‍್ಯಾಂಕ್ ಬಂದವರ ಫೋಟೊಗಳ ಫ್ಲೆಕ್ಸ್ ಸಾಲುಸಾಲು. ಓದಿದ್ದು ಆ ಹುಡುಗ ಹುಡುಗಿಯರು, ಅಡ್ಮಿಷನ್ ತುಂಬುವುದು ಸಂಸ್ಥೆಗೆ. 2024ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಕೋಚಿಂಗ್ ಸಂಸ್ಥೆಗಳಿಗೆ ಮಾರ್ಗಸೂಚಿ ಹೊರಡಿಸಿತು. ವಿದ್ಯಾರ್ಥಿ ಯಶಸ್ವಿಯಾದ ಮೇಲೆ ಅವರ ಲಿಖಿತ ಒಪ್ಪಿಗೆ ಪಡೆಯದೆ ಹೆಸರು, ಫೋಟೊ ಬಳಸುವಂತಿಲ್ಲ ಎಂಬುದು ಅದರಲ್ಲಿದೆ. ಅಡ್ಮಿಷನ್ ದಿನ ಫಾರಂನ ಮೂಲೆಯಲ್ಲಿ ಹಾಕಿಸಿಕೊಂಡ ಸಹಿ ಸಾಲದು. ಇದು ಎಷ್ಟು ವಿದ್ಯಾರ್ಥಿಗಳಿಗೆ, ಪೋಷಕರಿಗೆ ಗೊತ್ತಿದೆ?

ನಾನು, ನೀವು ಇನ್ನೊಂದೆರಡು ವರ್ಷದಲ್ಲಿ ಆಫರ್ ಲೆಟರ್, ಇಂಟರ್ನ್‌ಶಿಪ್ ಪತ್ರ, ಇಂತಿಷ್ಟು ವರ್ಷ ಬಿಡುವಂತಿಲ್ಲ ಎನ್ನುವ ಬಾಂಡ್‌ಗಳಿಗೆ ಸಹಿ ಹಾಕುವವರು. ಕೆಲಸ ಸಿಕ್ಕಿದ ಸಂತೋಷದಲ್ಲಿ ಕೊನೆಯ ಪುಟಕ್ಕೆ ಹೋಗುವ ಆತುರ ಇರುತ್ತದೆ. ನಾವು ತಪ್ಪಿದರೆ ಏನಾಗುತ್ತದೆ ಎಂಬುದು ಅಲ್ಲಿ ಸ್ಪಷ್ಟವಾಗಿ ಬರೆದಿರುತ್ತದೆ. ಅವರು ತಪ್ಪಿದರೆ ಏನು ಎಂಬ ಸಾಲು ಇದೆಯೇ ಎಂದು ಹುಡುಕಿ. ಇಲ್ಲದಿದ್ದರೆ ಕೇಳಿ. ಕೇಳಿದ ಮಾತ್ರಕ್ಕೆ ಸಿಗಲಿಕ್ಕಿಲ್ಲ. ಆದರೆ ಅಮೆರಿಕದ ಆಟಗಾರರಿಗೂ ಯಾರೋ ಒಬ್ಬ ಮೊದಲು ಕೇಳಿದ ಮೇಲೆಯೇ ಸಿಕ್ಕಿದ್ದು.